ಕ್ಯಾಲೆಂಡರಿನಲ್ಲಿ ಬಿಟ್ಟುಹೋದ ವಚನ

(ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಓದುಗರೊಬ್ಬರ ಪತ್ರದ ಸಾರ: ಲಕ್ವ ಹೊಡೆದು ಹಾಸಿಗೆ ಹಿಡಿದಿರುವ ಅತ್ತೆಯನ್ನು ಎರಡು ವರ್ಷದಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಗಂಡನಿಗೆ ಬೇರೆ ಊರಲ್ಲಿ ಕೆಲಸ. ಹೋಮ್ ನರ್ಸ್ ಇಡೋಣ ಅಂದಾಗ ಅವರ ಸಭೆಯ (ಚರ್ಚಿನ) ಹಿರಿಯರೊಬ್ಬರು "ಯಾಕಮ್ಮಾ, ದೇವರ ಬಲ ಸಾಲದಾ?" ಎಂದರಂತೆ. ಸಹಾಯ ಪಡೆಯುವುದು ಅವಿಶ್ವಾಸವೇ ಎಂದು ಕೇಳಿದ್ದಾರೆ.)

ಪ್ರಿಯ ಸಹೋದರಿ, ಕರ್ತನ ನಾಮದಲ್ಲಿ ವಂದನೆಗಳು.

ಖಂಡಿತ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಿಕ್ಕದ್ದನ್ನು ಬಿಡುವಾದಾಗ ಓದಿ.

"ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ." ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈ ವಚನ ಕಂಡಾಗಲೆಲ್ಲ ಅಳು ಬರುತ್ತದೆ ಎಂದಿದ್ದೀರಿ. ತಪ್ಪು ಕ್ಯಾಲೆಂಡರಿನದ್ದು. ಜಾಗ ಸಾಲದೆ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಸತ್ಯವೇದದಲ್ಲಿ (ಬೈಬಲಿನಲ್ಲಿ) ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ತೆಗೆಯಿರಿ. ಪೌಲ ಆಗ ಸೆರೆಯಲ್ಲಿದ್ದ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತ ಎಂಬವನ ಕೈಯಲ್ಲಿ ಅವನಿಗೆ ಸಹಾಯ ಕಳಿಸಿದ್ದರು. ಅಧ್ಯಾಯದ ಕೊನೆಯ ಭಾಗವೆಲ್ಲ ಹೆಚ್ಚುಕಮ್ಮಿ ಅದಕ್ಕೆ ಹೇಳಿದ ಥ್ಯಾಂಕ್ಸೇ. ನಿಮ್ಮ ಕ್ಯಾಲೆಂಡರಿನ ಮಾತು 13ನೇ ವಚನ. ಅದರ ಬೆನ್ನಿಗೇ 14ರಲ್ಲಿ, ಆದರೂ ನನ್ನ ಕಷ್ಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಎನ್ನುತ್ತಾನೆ. ಥೆಸಲೋನಿಕದಲ್ಲಿದ್ದಾಗಲೂ ಒಂದೆರಡು ಸಲ ಕಳಿಸಿಕೊಟ್ಟಿರಿ ಎಂದು 16ರಲ್ಲಿ ನೆನೆಯುತ್ತಾನೆ. ಎಲ್ಲಕ್ಕೂ ಶಕ್ತ ಎಂದವನು ಬಂದದ್ದನ್ನು ವಾಪಸ್ ಕಳಿಸಲಿಲ್ಲ ನೋಡಿ. ದೇವರಿಗೆ ಮೆಚ್ಚಿಕೆಯಾದ ಕಾಣಿಕೆ ಎಂದೇ ತೆಗೆದುಕೊಂಡ.

ಆ "ಎಲ್ಲ" ಅಂದರೆ ಏನು? ಅದು 12ನೇ ವಚನದಲ್ಲಿದೆ. ಹೊಟ್ಟೆ ತುಂಬಿದಾಗಲೂ ಇರಬಲ್ಲೆ, ಹಸಿದಾಗಲೂ ಇರಬಲ್ಲೆ ಅನ್ನುತ್ತಾನೆ ಪೌಲ. ಮನೆಯ ಕೆಲಸವನ್ನೆಲ್ಲ ಒಬ್ಬನೇ ಮಾಡಿ ಮುಗಿಸುತ್ತೇನೆ ಅಂತ ಎಲ್ಲಿ ಹೇಳಿದ್ದಾನೆ?

ಆ ಹಿರಿಯರ ಬಗ್ಗೆ ಜಾಸ್ತಿ ಹೇಳಲಾರೆ. ಒಂದೇ ಒಂದು ರಾತ್ರಿ ನಿಮ್ಮ ಅತ್ತೆಯನ್ನು ಎರಡೆರಡು ಗಂಟೆಗೆ ಮಗ್ಗುಲು ಹೊರಳಿಸಿದ್ದರೆ ಮಾತು ಬೇರೆ ಇರುತ್ತಿತ್ತೇನೋ. ಅವರನ್ನು ಬೈಯುವ ಯೋಗ್ಯತೆ ನನಗೂ ಇಲ್ಲ ಬಿಡಿ. ನಮ್ಮ ತಂದೆ ಆಸ್ಪತ್ರೆಯಲ್ಲಿದ್ದಾಗ "ದೇವರಿದ್ದಾನೆ, ಯಾರೂ ಬರೋದು ಬೇಡ" ಎಂದು ಬಂದವರನ್ನೆಲ್ಲ ವಾಪಸ್ ಕಳಿಸಿದ್ದೆ. ಅದನ್ನೇ ವಿಶ್ವಾಸ ಅಂದುಕೊಂಡಿದ್ದೆ. ಯಾರ ಹಂಗೂ ಬೇಡ ಅನ್ನುವ ಬಿಗುಮಾನ ಅದು ಎಂದು ಗೊತ್ತಾಗಲು ವರ್ಷಗಳೇ ಬೇಕಾದವು.

ಇನ್ನು, ಪ್ರಾರ್ಥನೆಗೆ ಕೂತರೆ ನಿದ್ದೆ ಬರುತ್ತದೆ ಎಂದು ನಾಚಿಕೊಂಡು ಬರೆದಿದ್ದೀರಿ. ಸತ್ಯವೇದದ ಮೊದಲನೆಯ ಅರಸುಗಳ ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನೂ ನಿದ್ದೆ ಹೋಗುತ್ತಾನೆ. ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಮಲಗಿಬಿಟ್ಟವನು ಅವನು. ದೇವದೂತ ಬಂದು ಎಬ್ಬಿಸಿದ. ಗದರಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು ಇಟ್ಟಿತ್ತು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೆಯ ಸಲ ಬಂದು, ಏಳು, ತಿನ್ನು, ದಾರಿ ದೂರ ಇದೆ ಎಂದ. ಆ ಊಟದ ಬಲದಿಂದಲೇ 40 ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋದ ಅಂತಿದೆ. ಆ ಊಟದ ಬಲದಿಂದ! ಎಷ್ಟೋ ಸಲ ಓದಿದ್ದರೂ ನನಗೆ ಈ ಮಾತು ಕಣ್ಣಿಗೆ ಬಿದ್ದದ್ದು ತೀರಾ ಈಚೆಗೆ.

ಹೋಮ್ ನರ್ಸ್ ದುಬಾರಿ ಎಂದೂ ಬರೆದಿದ್ದೀರಿ. ದುಡ್ಡು ಹೊಂದುವ ತನಕ ಹೀಗೆ ಮಾಡಿ ನೋಡಿ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಸ್ತ್ರೀಯರ ಕೂಟದವರ ಹತ್ತಿರ ಮಾತಾಡಿ. "ಸ್ವಲ್ಪ ಸಹಾಯ ಬೇಕಿತ್ತು" ಎಂದು ಸುಮ್ನೆ ಹೇಳಿದರೆ "ಪ್ರಾರ್ಥಿಸ್ತೀವಿ" ಅಂತ ಹೊರಟುಹೋಗುತ್ತಾರೆ. ಗುರುವಾರ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ಯಾರಾದರೂ ಬಂದು ಅತ್ತೆಯ ಹತ್ತಿರ ಕೂತಿರಿ ಎಂದು ದಿನ, ಹೊತ್ತು ಹೇಳಿಯೇ ಕೇಳಿ. ಅವರು ಬಂದ ಮೇಲೆ ಕಾಫಿ ಮಾಡಲು ಹೋಗಬೇಡಿ. ಒಳಗೆ ಹೋಗಿ ಮಲಗಿ.

— ಸಂಪಾದಕ