ಯುಗಾದಿಗೆ ಮೊದಲು ತಾರಸಿ ತೋಟವನ್ನು ಹೇಗೆ ಸಿದ್ಧ ಮಾಡಿಕೊಳ್ಳಬೇಕು?

ನೀವು ಕೇಳಿರುವುದು ಇಷ್ಟು: ರಾಜಾಜಿನಗರದಲ್ಲಿ ಮನೆ, ತಾರಸಿ ಮೇಲೆ 12 ಇಂಚಿನ 20 ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), ಚಳಿಗಾಲದ ಟೊಮೇಟೊ ಮತ್ತು ಹೂಕೋಸು ಮುಗಿಯುತ್ತಾ ಬಂದಿವೆ. ವಿಡಿಯೊಗಳಲ್ಲಿ ಹೇಳುವಂತೆ ಮಾರ್ಚ್ ಕೊನೆಗೆ ಹಳೇ ಮಣ್ಣು ಎಸೆದು ಹೊಸದಾಗಿ ಬೀಜ ಹಾಕಬೇಕೇ?

ಎರಡೂ ಬೇಡ. ಆ ವಿಡಿಯೊಗಳು ಹಿಮ ಕರಗಿ ನೆಲ ಬೆಚ್ಚಗಾಗಲಿ ಎಂದು ಕಾಯುವ ಊರುಗಳವು. ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತಾ ಓಡಿಹೋದ ಮೇಲೆ ಬೆಂಗಳೂರಿನಲ್ಲಿ ಬರುವುದು ಸುಡು ಬಿಸಿಲು ಮತ್ತು ಒಣಗಾಳಿ. ಏಪ್ರಿಲ್‌ನಲ್ಲಿ 34 ಡಿಗ್ರಿ ಮಾಮೂಲಿ. 2016ರ ಏಪ್ರಿಲ್‌ನಲ್ಲಿ 39 ದಾಟಿತ್ತು. ಮಾರ್ಚ್ ಕೊನೆಗೆ ಹಾಕಿದ ಬೀಜ ಎರಡೆಲೆ ಬಿಡುವ ಹೊತ್ತಿಗೆ ಈ ಬಿಸಿಲಿಗೆ ಸಿಕ್ಕಿಬೀಳುತ್ತದೆ. ಫೆಬ್ರವರಿ 20ರೊಳಗೆ ಬೀಜ ಬಿದ್ದು, ಯುಗಾದಿ ಹೊತ್ತಿಗೆ ಬೇರು ಚೀಲದ ತಳ ಮುಟ್ಟಿರಬೇಕು. ಬೇಸಿಗೆಯನ್ನು ಗಿಡ ತಡೆಯುವುದೋ ಇಲ್ಲವೋ ಎನ್ನುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಮಣ್ಣಿನಿಂದ ಶುರು ಮಾಡೋಣ. ಹಳೇ ಗಿಡಗಳನ್ನು ಕತ್ತರಿಸಬೇಡಿ, ಬೇರು ಸಮೇತ ಕಿತ್ತು ನೋಡಿ. ಹೂಕೋಸಿನ ಬೇರು ನೆಟ್ಟಗೆ, ಬೆಳ್ಳಗೆ ಇದ್ದರೆ ಆ ಮಣ್ಣನ್ನು ತಕ್ಷಣ ಬಳಸಬಹುದು. ಟೊಮೇಟೊ ಬೇರಿನಲ್ಲಿ ಸಾಸಿವೆಯಿಂದ ಕಡಲೆ ಗಾತ್ರದವರೆಗೆ ಗಂಟುಗಳಿದ್ದರೆ ಅದು ಮಣ್ಣಿನಲ್ಲಿರುವ ಜಂತುಹುಳುವಿನ (ನೆಮಟೋಡ್) ಗಂಟುಬೇರು ರೋಗ. ಅದೇ ಮಣ್ಣಿಗೆ ಬೆಂಡೆ, ಬದನೆ, ಸೌತೆ ಹಾಕಿದರೆ ಎಷ್ಟು ನೀರು ಕೊಟ್ಟರೂ ಗಿಡ ಮಧ್ಯಾಹ್ನ ಬಾಡಿ ನಿಲ್ಲುತ್ತದೆ. ಬೇರನ್ನು ಕಾಂಪೋಸ್ಟ್‌ಗೆ ಹಾಕದೆ ಕಸಕ್ಕೆ ಕೊಡಿ. ಮಣ್ಣನ್ನು ತಾರಸಿ ಮೇಲೆ 4 ಇಂಚು ದಪ್ಪಕ್ಕೆ ಹರಡಿ, ಚೆನ್ನಾಗಿ ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಇಟ್ಟಿಗೆ ಇಟ್ಟು 4 ವಾರ ಬಿಡಿ. ಕಪ್ಪು ಹಾಳೆ ಆಗದು, ಅದು ಬಿಸಿಲನ್ನು ತಾನೇ ಹೀರಿಕೊಂಡು ಬಿಡುತ್ತದೆ, ಮಣ್ಣಿಗೆ ಬಿಸಿ ತಲುಪುವುದು ಕಡಿಮೆ. ಒಣ ಮಣ್ಣಿನಲ್ಲೂ ಬಿಸಿ ಆಳಕ್ಕೆ ಇಳಿಯುವುದಿಲ್ಲ. ಹೀಗೆ ಕಾಯಿಸಿದ ಮಣ್ಣಿನಲ್ಲಿ ಒಳ್ಳೆಯ ಜೀವಿಗಳೂ ಸಾಯುತ್ತವೆ, ಆದ್ದರಿಂದ ಎರೆಹುಳು ಗೊಬ್ಬರ, ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಎಲ್ಲ ಹಾಳೆ ತೆಗೆದ ಮೇಲೆಯೇ ಸೇರಿಸಬೇಕು. ಈ ಚೀಲಗಳಿಗೆ ಮೊದಲ ಬೆಳೆಯಾಗಿ ಚೆಂಡುಹೂ ಹಾಕುವುದು ಜಾಣತನ. ಅದರ ಬೇರು ಉಳಿದ ಜಂತುಹುಳುಗಳನ್ನು ಹತ್ತಿಕ್ಕುತ್ತದೆ.

12 ಇಂಚಿನ ಚೀಲಕ್ಕೆ ಮೇಲೆ 2 ಇಂಚು ಖಾಲಿ ಬಿಟ್ಟರೆ ಸುಮಾರು 18 ಲೀಟರ್ ಮಿಶ್ರಣ ಹಿಡಿಯುತ್ತದೆ. ನಾನು ಹೇಳುವ ಅಳತೆ: ಹಳೇ ಮಣ್ಣು 10 ಲೀಟರ್, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರ 5 ಲೀಟರ್, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) 3 ಲೀಟರ್, ಬೇವಿನ ಹಿಂಡಿ 100 ಗ್ರಾಂ. ನಮ್ಮ ಕೆಂಪು ಮಣ್ಣು ಒಣಗಿದರೆ ಗಟ್ಟಿಯಾಗಿ ಕೂರುತ್ತದೆ, ಕೊಕೊಪೀಟ್ ಅದನ್ನು ಸಡಿಲ ಇಡುತ್ತದೆ. ಆದರೆ ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ, ಹಿಂಡಿ, ನೀರು ಚೆಲ್ಲುವುದನ್ನು ಎರಡು ಮೂರು ಸಲ ಮಾಡಲೇಬೇಕು. ಅದರಲ್ಲಿರುವ ಉಪ್ಪು ಹಾಗೇ ಉಳಿದರೆ ಎಲೆ ತುದಿ ಸುಡುತ್ತದೆ, ನಾವು ಬಿಸಿಲಿನ ಮೇಲೆ ತಪ್ಪು ಹೊರಿಸುತ್ತೇವೆ. ಟ್ರೈಕೋಡರ್ಮಾ ಪುಡಿಯನ್ನು ನೇರ ಚೀಲಕ್ಕೆ ಉದುರಿಸಬೇಡಿ. ಕಿಲೋ ಗೊಬ್ಬರಕ್ಕೆ 10 ಗ್ರಾಂನಂತೆ ಕಲಸಿ, ತೇವವಾಗಿಟ್ಟು, ಗೋಣಿಚೀಲ ಮುಚ್ಚಿ ನೆರಳಿನಲ್ಲಿ ಹತ್ತು ದಿನ ಬಿಟ್ಟರೆ ಅದು ಗೊಬ್ಬರದ ತುಂಬ ಹಬ್ಬಿರುತ್ತದೆ. ಬೇವಿನ ಹಿಂಡಿ ಕಲಸಿದ ಮಣ್ಣಿಗೂ ನೀರು ಚಿಮುಕಿಸಿ ಹತ್ತು ಹದಿನೈದು ದಿನ ಸುಮ್ಮನೆ ಬಿಡಬೇಕು. ಹಿಂಡಿ ಕಳಿಯುವಾಗ ಬಿಸಿ ಹುಟ್ಟುತ್ತದೆ, ಎಳೆ ಬೇರು ತಡೆಯುವುದಿಲ್ಲ. ಹಾಗಾಗಿ ಫೆಬ್ರವರಿ ಮೊದಲ ವಾರವೇ ಮಣ್ಣು ಕಲಸಿ.

ಯಾವ ಬೀಜ? ಬೆಂಡೆ, ದಂಟು, ಹರಿವೆ, ಬಸಳೆ, ಅಲಸಂದೆ, ಬದನೆ, ಹೀರೆ, ಹಾಗಲ, ಸೌತೆ. ಕೋಸು, ಬಟಾಣಿ, ಕ್ಯಾರೆಟ್ ಬಿಟ್ಟುಬಿಡಿ. ಕೊತ್ತಂಬರಿ ಎಲೆ ಕೊಡುವ ಮೊದಲೇ ಹೂವಿಗೆ ಬರುತ್ತದೆ. ಬೆಂಡೆಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ನನ್ನ ಮೊದಲ ಆಯ್ಕೆ, ಹಳದಿ ನಾಳದ ರೋಗವನ್ನು ತಡೆಯಲೆಂದೇ ಬೆಳೆಸಿದ ತಳಿ ಅದು. ಬೀಜ ರಾತ್ರಿಯಿಡೀ ನೆನೆಸಿ, ಅರ್ಧದಿಂದ ಒಂದು ಇಂಚು ಆಳಕ್ಕೆ ಚೀಲಕ್ಕೆ ಮೂರು ಹಾಕಿ, ನಾಲ್ಕೆಲೆ ಬಂದಾಗ ಗಟ್ಟಿ ಸಸಿ ಒಂದನ್ನೇ ಉಳಿಸಿ. 45–50 ದಿನಕ್ಕೆ ಕಾಯಿ ಬರುತ್ತದೆ. ಬಳ್ಳಿ ತರಕಾರಿಗಳಿಗೆ 12 ಇಂಚು ಸಾಲದು, 15 ಇಂಚಿನ ಚೀಲಕ್ಕೆ ಒಂದೇ ಬಳ್ಳಿ. ಟ್ರೇಯಲ್ಲಿ ಸಸಿ ಮಾಡಿ ಕಿತ್ತು ನೆಟ್ಟರೆ ಅವು ಮುನಿಸಿಕೊಳ್ಳುತ್ತವೆ, ಚೀಲದಲ್ಲೇ ಬಿತ್ತಿ. ಟೊಮೇಟೊ ಬೇಕೇ ಬೇಕು ಎಂದರೆ ಸಸಿಗಳನ್ನು ಮೊದಲ ದಿನದಿಂದಲೇ ನೈಲಾನ್ ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ, 40–50 ಮೆಶ್ ಬಲೆಯೊಳಗೆ ಬೆಳೆಸಿ. ಬೇಸಿಗೆಯಲ್ಲಿ ಬಿಳಿ ನೊಣ ಹೆಚ್ಚು, ಅದು ತರುವ ಎಲೆಮುರುಟು ರೋಗಕ್ಕೆ ಔಷಧಿ ಇಲ್ಲ.

ದುಂಡು ಮಲ್ಲಿಗೆಯನ್ನು ಜನವರಿ ಮುಗಿಯುವುದರೊಳಗೆ ಸವರಿ ಗೊಬ್ಬರ ಕೊಟ್ಟರೆ ಮಾರ್ಚ್‌ನಿಂದ ಮೊಗ್ಗು. ಗುಲಾಬಿಗೆ ಈಗ ಜೋರು ಕತ್ತರಿ ಬೇಡ, ಒಣಕಡ್ಡಿ ತೆಗೆದರೆ ಸಾಕು. ಕರಿಬೇವಿನ ತುದಿ ಚಿವುಟಿ.

ಇನ್ನು ಬಿಸಿಲು. ಕಪ್ಪು ಚೀಲ ಪಶ್ಚಿಮದ ಬಿಸಿಲಿಗೆ ನೇರ ಕುಳಿತರೆ ಆ ಬದಿಯ ಬೇರು ಬೆಂದೇ ಹೋಗುತ್ತದೆ. ಚೀಲಗಳನ್ನು ಒಂದಕ್ಕೊಂದು ತಾಗಿಸಿ ಗುಂಪಾಗಿ ಇಡಿ, ಹೊರಸಾಲಿಗೆ ಗೋಣಿಚೀಲ ಸುತ್ತಿ, ಅಡಿಗೆ ಇಟ್ಟಿಗೆ ಕೊಡಿ. ಒದ್ದೆ ಚೀಲ ಒಂದೊಂದೂ 20 ಕಿಲೋ ಮೀರಬಹುದು, ಆದ್ದರಿಂದ ಗುಂಪನ್ನು ತಾರಸಿಯ ನಡುವೆ ಇಡದೆ ಗೋಡೆ ಮತ್ತು ತೊಲೆಗಳ ಮೇಲೆ ಬರುವಂತೆ ಜೋಡಿಸಿ. ಶೇಡ್ ನೆಟ್ (ನೆರಳು ಬಲೆ) ಕಾಯಿ ಬಿಡುವ ಗಿಡಕ್ಕೆ 35 ಶೇಕಡಾ ಬಿಸಿಲು ತಡೆಯುವುದು, ಸೊಪ್ಪಿಗೆ ಮತ್ತು ಸಸಿಗೆ 50 ಶೇಕಡಾ. ಅಂಗಡಿಯಲ್ಲಿ 75ರದ್ದು ಕೊಡಲು ಬರುತ್ತಾರೆ, ಬೇಡ; ಗಿಡ ಉದ್ದುದ್ದ ಬೆಳೆದು ಹೂ ಬಿಡುವುದಿಲ್ಲ. ಏಳೆಂಟು ಅಡಿ ಎತ್ತರಕ್ಕೆ, ಒಂದು ಕಡೆ ಇಳಿಜಾರಾಗಿ ಕಟ್ಟಿ. ಏಪ್ರಿಲ್, ಮೇ ತಿಂಗಳ ಮಾವಿನ ಮಳೆ ಗಾಳಿ ಸಮೇತ ಬರುತ್ತದೆ, ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ಮಟ್ಟಸವಾಗಿ ಕಟ್ಟಿದ ನೆಟ್ ಆಲಿಕಲ್ಲಿನ ಭಾರಕ್ಕೆ ಕಂಬ ಸಮೇತ ಗಿಡದ ಮೇಲೆ ಬೀಳುತ್ತದೆ.

ನೀರಿನ ಲೆಕ್ಕ ಈಗಲೇ ಹಾಕಿ. ಬೆಳೆದ ಗಿಡಕ್ಕೆ ಏಪ್ರಿಲ್‌ನಲ್ಲಿ ದಿನಕ್ಕೆ ಒಂದೂವರೆ ಲೀಟರ್ ಎಂದರೂ 20 ಚೀಲಕ್ಕೆ 30 ಲೀಟರ್. 2024ರ ಮಾರ್ಚ್‌ನಲ್ಲೂ 2025ರ ಫೆಬ್ರವರಿಯಲ್ಲೂ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಂದು ಬಕೆಟ್ ತುಂಬಾ ಸಿಗುತ್ತದೆ, ಅದೇ ದಿನ ಹಾಕಿಬಿಡಿ. ಆರ್‌ಒ ಯಂತ್ರ ಹೊರಹಾಕುವ ನೀರು ಕಾವೇರಿ ನೀರಿನದಾದರೆ ಅರ್ಧಕ್ಕರ್ಧ ಬೆರೆಸಿ ಬಳಸಬಹುದು, ಬೋರ್‌ವೆಲ್ಲಿನದಾದರೆ ಉಪ್ಪು ತುಂಬ ಹೆಚ್ಚು, ಬೇಡ. ವಾಷಿಂಗ್ ಮೆಷಿನ್ ನೀರಿನ ಸೋಡಿಯಂ ಮಣ್ಣನ್ನೇ ಕೆಡಿಸುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಹಾಕುವವರ ಚೀಲದ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ. ಮೇಲಿನ ಅರ್ಧ ಇಂಚು ಮಣ್ಣು ಕೆರೆದು ತೆಗೆದು, ಒಳ್ಳೆಯ ಮಳೆ ಬಂದಾಗ ತಳದಿಂದ ನೀರು ಹರಿಯುವವರೆಗೆ ನೆನೆಯಲು ಬಿಡಿ.

ಬೆಳಿಗ್ಗೆ 8ರೊಳಗೆ ನೀರು ಕೊಡಿ. ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಚೀಲದ ಬದಿ ಬಿಟ್ಟು ಕುಗ್ಗುತ್ತದೆ, ಆಮೇಲೆ ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಜಾರಿ ಕೆಳಗೆ ಹೋಗುತ್ತದೆ. ಅರ್ಧ ಲೀಟರ್ ಕೊಟ್ಟು, ಹತ್ತು ನಿಮಿಷ ಬಿಟ್ಟು, ಮತ್ತೆ ಕೊಡಿ. ಡ್ರಿಪ್ ಹಾಕಿಸುವುದಾದರೆ ಒತ್ತಡ ಸರಿದೂಗಿಸುವ (ಪ್ರೆಶರ್ ಕಾಂಪೆನ್ಸೇಟಿಂಗ್) ಡ್ರಿಪ್ಪರ್ ಕೊಳ್ಳಬೇಡಿ. ತಾರಸಿ ಮೇಲಿನ ಟ್ಯಾಂಕ್ ಆರೇಳು ಅಡಿ ಎತ್ತರದಲ್ಲಿರುತ್ತದೆ, ಆ ಒತ್ತಡಕ್ಕೆ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ. ತಿರುಗಿಸಿ ಹೊಂದಿಸುವ ಸಾದಾ ಡ್ರಿಪ್ಪರ್ ಮತ್ತು ಒಂದು ಫಿಲ್ಟರ್ ಸಾಕು.

ಫೆಬ್ರವರಿ, ಮಾರ್ಚ್‌ನಲ್ಲಿ ರಸ್ತೆಯ ಹೊಂಗೆ, ಮಳೆಮರಗಳು ಎಲೆ ಉದುರಿಸುತ್ತವೆ. ನಾಲ್ಕು ಚೀಲ ತರಗೆಲೆ ತುಂಬಿಟ್ಟುಕೊಳ್ಳಿ. ಅದನ್ನು ಸುಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಸಸಿ ಅರ್ಧ ಅಡಿ ಆದ ಮೇಲೆ, ಕಾಂಡಕ್ಕೆ 2 ಇಂಚು ಜಾಗ ಬಿಟ್ಟು, 2 ಇಂಚು ದಪ್ಪಕ್ಕೆ ಹೊದಿಸಿ. ಕಾಂಡಕ್ಕೆ ತಾಗಿದರೆ ಬುಡ ಕೊಳೆಯುತ್ತದೆ. ನೀಲಗಿರಿ ಎಲೆ ಮಾತ್ರ ಬೇಡ.

ಬಿಸಿಲು ಏರಿದಂತೆ ಮೆಣಸಿನ ಗಿಡವನ್ನು ವಾರಕ್ಕೆರಡು ಸಲ ನೋಡಿ. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮುದುಡಿದರೆ ನುಸಿ. ಎಲೆಯ ಅಡಿಭಾಗಕ್ಕೆ ಬೆಳಿಗ್ಗೆ ಜೋರಾಗಿ ನೀರು ಹೊಡೆಯುವುದೇ ಮೊದಲ ಚಿಕಿತ್ಸೆ. ಆಗಲೂ ನಿಲ್ಲದಿದ್ದರೆ ಲೀಟರ್ ನೀರಿಗೆ 3–5 ಮಿಲಿ ಬೇವಿನೆಣ್ಣೆ, ಕೆಲವು ಹನಿ ದ್ರವ ಸೋಪು ಕಲಸಿ ಸಂಜೆ ಐದರ ಮೇಲೆ ಸಿಂಪಡಿಸಿ. ಮಧ್ಯಾಹ್ನ ಹೊಡೆದರೆ ಎಣ್ಣೆಯೇ ಎಲೆಯನ್ನು ಸುಡುತ್ತದೆ.