ಹಾಲಿವುಡ್ ನಟಿ ಇಂಗ್ರಿಡ್ ಬರ್ಗ್‌ಮನ್ ಮೇಲೆ 1950ರಲ್ಲಿ ಅಮೆರಿಕ ಅಷ್ಟೊಂದು ಮುನಿಸಿಕೊಂಡದ್ದು ಯಾಕೆ?

ತೆರೆಯ ಮೇಲಿನ ಬರ್ಗ್‌ಮನ್ನೇ ನಿಜವಾದ ಬರ್ಗ್‌ಮನ್ ಎಂದು ಜನ ನಂಬಿಬಿಟ್ಟಿದ್ದರು, ಅದಕ್ಕೆ.

1939ರಲ್ಲಿ ಸ್ವೀಡನ್‌ನಿಂದ ಹಾಲಿವುಡ್‌ಗೆ ಬಂದಾಗ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಈ ನಟಿಯ ಹೆಸರು, ಹುಬ್ಬು ಎರಡನ್ನೂ ಬದಲಿಸಲು ಹೊರಟಿದ್ದರು. ಬರ್ಗ್‌ಮನ್ ಸುತಾರಾಂ ಒಪ್ಪಲಿಲ್ಲ. ಸೆಲ್ಜ್‌ನಿಕ್ ಜಾಣ, ಬಣ್ಣ ಬಳಿಯದ ಆ ಸಹಜ ಮುಖವನ್ನೇ ಪ್ರಚಾರದ ಬಂಡವಾಳ ಮಾಡಿಕೊಂಡರು. ಮೇಲಿಂದ 1945ರಲ್ಲಿ ಕ್ರೈಸ್ತ ಸನ್ಯಾಸಿನಿಯ ಪಾತ್ರ, 1948ರಲ್ಲಿ ಸಂತ ಜೋನ್ ಆಫ್ ಆರ್ಕ್. ‘ಕ್ಯಾಸಬ್ಲಾಂಕಾ’ ಚಿತ್ರದಲ್ಲಿ ಗಂಡನಿದ್ದೂ ಇನ್ನೊಬ್ಬನನ್ನು ಪ್ರೀತಿಸುವ ಹೆಣ್ಣಾಗಿದ್ದರು ಎಂಬುದು ಈ ಸಾಧ್ವಿಯ ಬಿಂಬದಡಿ ಮುಚ್ಚಿಹೋಯಿತು.

1949ರಲ್ಲಿ ಇಟಲಿಗೆ ಹೋದವರು ನಿರ್ದೇಶಕ ರೊಸೆಲಿನಿಯನ್ನು ಪ್ರೀತಿಸಿದರು. ಇಬ್ಬರಿಗೂ ಬೇರೆ ಮದುವೆಯಾಗಿತ್ತು. 1950ರ ಫೆಬ್ರವರಿಯಲ್ಲಿ ಮಗು ಹುಟ್ಟಿತು. ಮರುತಿಂಗಳೇ ಅಮೆರಿಕದ ಸೆನೆಟ್‌ನಲ್ಲಿ ಎಡ್ವಿನ್ ಜಾನ್ಸನ್ ಎಂಬ ಸದಸ್ಯ ಅವರನ್ನು ಹಿಗ್ಗಾಮುಗ್ಗಾ ಜರಿದರು. ಚೆಲ್ಲಾಟದ ಪಾತ್ರಗಳಿಗೇ ಹೆಸರಾದ ನಟಿಯಾಗಿದ್ದರೆ ಇದರ ಅರ್ಧದಷ್ಟು ಗದ್ದಲವೂ ಆಗುತ್ತಿರಲಿಲ್ಲ ಅನ್ನಿಸುತ್ತದೆ.

ಮುನಿಸು ಕರಗಿದ್ದು 1956ರ ‘ಅನಸ್ತೇಸಿಯಾ’ ಚಿತ್ರದಿಂದ. ಅದರಲ್ಲಿನ ನಟನೆಗೆ ಆಸ್ಕರ್ ಬಂತು. ಬರ್ಗ್‌ಮನ್ ಮಾತ್ರ ಸಮಾರಂಭಕ್ಕೆ ಬಂದಿರಲಿಲ್ಲ. ಅವರ ಪರವಾಗಿ ವೇದಿಕೆ ಹತ್ತಿದವರು ನಟ ಕ್ಯಾರಿ ಗ್ರಾಂಟ್.