ಮೈಕ್ರೋವೇವ್ ಕಿರಣ ಪ್ಲಾಸ್ಮಾದೊಳಗೆ ಒಡೆಯುವುದು ಯಾಕೆ?

ಟೋಕಮಾಕ್‌ಗೆ (ವಿದ್ಯುದಾವೇಶದ ಬಿಸಿ ಅನಿಲವಾದ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಸಮ್ಮಿಳನ ಯಂತ್ರಕ್ಕೆ) ಮೈಕ್ರೋವೇವ್ ಬಿಟ್ಟರೆ ಎಲೆಕ್ಟ್ರಾನುಗಳು ಹೀರಿಕೊಂಡು ಬಿಸಿಯಾಗುತ್ತವೆ, ಇದರಲ್ಲಿ ಅಸ್ಥಿರತೆ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಬಹುಪಾಲು ನೀವು ಹೇಳಿದಂತೆಯೇ ನಡೆಯುತ್ತದೆ. 2.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ಸೆಕೆಂಡಿಗೆ ಸುಮಾರು 7,000 ಕೋಟಿ ಸುತ್ತು ಹಾಕುತ್ತದೆ, ಅಂದರೆ 70 ಗಿಗಾಹರ್ಟ್ಸ್. ಅದರ ಎರಡರಷ್ಟು, 140 ಗಿಗಾಹರ್ಟ್ಸಿನ ಕಿರಣವನ್ನು ಗೈರೋಟ್ರಾನ್ ಎಂಬ ಮೈಕ್ರೋವೇವ್ ಸಾಧನದಿಂದ ಬಿಟ್ಟರೆ ಚೆನ್ನಾಗಿ ಹೀರಿಕೊಳ್ಳುತ್ತದೆ.

ಆದರೆ ಒಂದು ಗೈರೋಟ್ರಾನ್ ಅಂದರೆ ಸುಮಾರು 1 ಮೆಗಾವ್ಯಾಟ್. ಅಷ್ಟು ಜೋರಿನ ಅಲೆ ದಾರಿಯಲ್ಲೇ ಎರಡು ಮರಿ ಅಲೆಗಳಾಗಿ ಒಡೆಯಬಹುದು. ನಿಂತುಕೊಂಡು ಉಯ್ಯಾಲೆ ಜೀಕುವವರನ್ನು ನೋಡಿ. ಉಯ್ಯಾಲೆ ಒಂದು ಸಲ ಹೋಗಿ ಬರುವಷ್ಟರಲ್ಲಿ ಅವರು ಎರಡು ಸಲ ಕೂತು ಏಳುತ್ತಾರೆ, ಜೀಕು ಏರುತ್ತಾ ಹೋಗುತ್ತದೆ. ಇಲ್ಲೂ ಹಾಗೆಯೇ. 140ರ ಅಲೆ 70ರ ಆಸುಪಾಸಿನ ಎರಡು ಅಪ್ಪರ್ ಹೈಬ್ರಿಡ್ ಅಲೆಗಳನ್ನು (ಕಾಂತಕ್ಷೇತ್ರಕ್ಕೆ ಅಡ್ಡವಾಗಿ ಎಲೆಕ್ಟ್ರಾನುಗಳು ಓಲಾಡುವ ಅಲೆಗಳನ್ನು) ಬೆಳೆಸುತ್ತದೆ. ಎರಡರ ಆವರ್ತನ ಕೂಡಿದರೆ ಮತ್ತೆ 140.

ಮರಿ ಅಲೆಗಳು ಬೆಳೆಯುವ ಮೊದಲೇ ಆ ಜಾಗ ಬಿಟ್ಟು ಓಡಿಹೋಗುತ್ತವೆ, ಹಾಗಾಗಿ ಈಗಿನ ಗೈರೋಟ್ರಾನುಗಳ ಶಕ್ತಿ ಇದಕ್ಕೆ ಸಾಲದು ಎಂದೇ ಹಿಂದೆ ಲೆಕ್ಕ ಹಾಕಿದ್ದರು. ಜರ್ಮನಿಯ ಟೆಕ್ಸ್‌ಟರ್ ಯಂತ್ರದಲ್ಲಿ ಕಂಡದ್ದೇ ಬೇರೆ. ಪ್ಲಾಸ್ಮಾದೊಳಗೆ ಕಾಂತರೇಖೆಗಳು ಕಡಿದು ಮತ್ತೆ ಸೇರಿದಾಗ ಹುಟ್ಟುವ ಕಾಂತದ್ವೀಪದ ಮೇಲೆ ಕಿರಣ ಬಿದ್ದಾಗ ವಿಪರೀತ ಜೋರಾದ ಸಿಗ್ನಲ್ ಬಂತು. 2009ರಲ್ಲಿ ಅದು ಪ್ರಕಟವಾಯಿತು. ಇದಕ್ಕೆ ರಷ್ಯಾದ ಗುಸಕೋವ್ ಮತ್ತು ಪೊಪೊವ್ ಕೊಟ್ಟ ವಿವರಣೆ ನನಗೆ ತುಂಬಾ ಇಷ್ಟ. ದ್ವೀಪದ ನಡುವೆ ಸಾಂದ್ರತೆ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬಿನೊಳಗೆ ಮರಿ ಅಲೆ ಸಿಕ್ಕಿಬೀಳುತ್ತದೆ, ಆಚೆ ಹೋಗಲಾಗದೆ ಅಲ್ಲೇ ಬಲಿಯುತ್ತದೆ. ಆಗ ಈಗಿನ ಗೈರೋಟ್ರಾನ್ ಶಕ್ತಿಯೇ ಸಾಕಾಗುತ್ತದೆ. ಮುಂದೆ ಗಾರ್ಶಿಂಗ್‌ನ ಆಸ್ಡೆಕ್ಸ್ ಅಪ್‌ಗ್ರೇಡ್‌ನಲ್ಲಿ (ಇದೂ ಜರ್ಮನಿಯ ಟೋಕಮಾಕ್) ಗೈರೋಟ್ರಾನಿನ ಅರ್ಧ ಆವರ್ತನದ ಸಿಗ್ನಲ್ಲೇ ಕಾಣಿಸಿತು.

ತಲೆಬಿಸಿ ಇರುವುದು ಇಲ್ಲೇ. ಇಂಥ ದ್ವೀಪಗಳನ್ನು ಕುಗ್ಗಿಸಲು ನಾವು ಕಿರಣವನ್ನು ಬೇಕಂತಲೇ ಅವುಗಳ ನಡುವಿಗೆ ಗುರಿಯಿಡುತ್ತೇವೆ. ಮರಿ ಅಲೆಗಳಿಗೆ ಹೋದ ಶಕ್ತಿ ಅಂದುಕೊಂಡ ಜಾಗಕ್ಕೆ ತಲುಪದೇ ಹೋಗಬಹುದು.

ಅಳತೆಯ ರಿಸೀವರ್‌ಗಳಿಗೂ ಅಪಾಯವಿದೆ. ಗೈರೋಟ್ರಾನ್ ಆವರ್ತನವನ್ನು ತಡೆಯಲು ಅವುಗಳ ಮುಂದೆ ನಾಚ್ ಫಿಲ್ಟರ್ ಇರುತ್ತದೆ, ಆದರೆ ಅದು ತಡೆಯುವ ಪಟ್ಟಿ ಬಹಳ ಕಿರಿದು. ಮರಿ ಅಲೆಗಳು ಮತ್ತೆ ಸೇರಿ ಹುಟ್ಟಿಸುವ ಅಲೆಯ ಆವರ್ತನ ಆ ಪಟ್ಟಿಯಿಂದ ತುಸು ಸರಿದಿದ್ದರೂ ಸಾಕು, ನೇರ ಒಳಗೆ ನುಗ್ಗುತ್ತದೆ.

ನಿಮ್ಮ ಬಳಿ ಡೇಟಾ ಇದ್ದರೆ ಮೊದಲು ಸಿಗ್ನಲ್ ಮಿನುಗುತ್ತಿದೆಯಾ ನೋಡಿ. ದ್ವೀಪ ತಿರುಗುತ್ತಾ ಅದರ ನಡುಭಾಗ ಕಿರಣದೆದುರು ಬಂದಾಗಲೆಲ್ಲ ಸಿಗ್ನಲ್ ಏರಿದರೆ, ಈ ಒಡೆಯುವಿಕೆಯನ್ನೇ ಮೊದಲು ಅನುಮಾನಿಸಿ.